ಅದು ಪಿತ್ತ ಅಲ್ಲ

ಶಿಗ್ಗಾವಿ ಕಡೆ ನಮ್ಮ ಹೊಲದಲ್ಲಿ ಶೇಂಗಾ ಕೀಳುವಾಗ ಕಾಕಾನ ಕುತ್ತಿಗೆಗೆ ಜೇನುಹುಳ ಕಡಿಯಿತು. ಒಂದೇ ಒಂದು ಹುಳ. ಉಗುರಲ್ಲಿ ಕೆರೆದು ಮುಳ್ಳು ತೆಗೆದೆವು. ಹೋದ ವರ್ಷವೂ ಕಡಿದಿತ್ತು, ಕೈ ಊದಿತ್ತು, ಅಷ್ಟೇ. ಈ ಸಲ ಹತ್ತು ನಿಮಿಷದಲ್ಲಿ ಅಂಗೈ ತುರಿಕೆ ಶುರುವಾಯಿತು. ಹೊಟ್ಟೆ, ಬೆನ್ನೆಲ್ಲ ಗಂದೆ. "ಪಿತ್ತ ಆಗೇತಿ, ಕಂಬಳಿ ಹೊಚ್ರಿ" ಅಂದರು ಒಬ್ಬರು. ಇನ್ನೊಬ್ಬರು ಅವಿಲ್ ಗುಳಿಗೆ ಕೊಟ್ಟರು. ಅಷ್ಟರಲ್ಲಿ ಕಾಕಾ ಎರಡು ಸಲ ವಾಂತಿ ಮಾಡಿಕೊಂಡರು. "ಗಂಟಲಾ ಹಿಡದಂಗ ಆಗೇತಿ" ಅಂದಾಗ ಆ ದನಿ ಅವರದಾಗಿರಲಿಲ್ಲ.

ಅದು ಪಿತ್ತ ಅಲ್ಲ, ಜೇನಿನ ವಿಷಕ್ಕೆ ಎದ್ದ, ಜೀವಕ್ಕೇ ಕುತ್ತು ತರೋ ಅಲರ್ಜಿ. ಡಾಕ್ಟರ್ ಭಾಷೆಯಲ್ಲಿ ಅನಾಫಿಲ್ಯಾಕ್ಸಿಸ್. ನಮ್ಮ ಮಂದಿ ಎಡವೋದು ಇಲ್ಲೇ. ಅಲರ್ಜಿ ಅಂದ್ರೆ ತುರಿಕೆ, ತುರಿಕೆಗೆ ಅವಿಲ್, ಮುಗೀತು! ಅವಿಲ್ ತುರಿಕೆ ಇಳಿಸುತ್ತದೆ, ಅದೂ ನಿಧಾನಕ್ಕೆ. ಬಾತ ಗಂಟಲು ಬಿಡಿಸೋದಿಲ್ಲ, ಬಿದ್ದ ಬಿಪಿ ಎತ್ತೋದಿಲ್ಲ. ಸ್ಟಿರಾಯ್ಡ್‌ಗೂ ಗಂಟೆಗಟ್ಟಲೆ ಬೇಕು. ಆ ಹೊತ್ತಿನ ಔಷಧಿ ಅಡ್ರಿನಲಿನ್ ಇಂಜೆಕ್ಷನ್. ಗಂದೆಯ ಜೊತೆ ವಾಂತಿ, ದಮ್ಮು, ತಲೆಸುತ್ತು, ದನಿ ಬದಲಾಗೋದು, ಇದರಲ್ಲಿ ಒಂದು ಸೇರಿದರೂ ಕಾಯಬೇಡಿ. ಶೇಂಗಾ ತಿಂದು ಆಗಲಿ, ನೋವಿನ ಗುಳಿಗೆ ನುಂಗಿ ಆಗಲಿ, ಲೆಕ್ಕ ಇದೇ. ಕೆಲವರಿಗೆ ಗಂದೆ ಏಳೋದೇ ಇಲ್ಲ.

108ಕ್ಕೆ ಫೋನ್ ಮಾಡೋದು ಯಾರಿಗೂ ಹೊಳೆಯಲಿಲ್ಲ, ನನಗೂ. ತಮ್ಮ ಬೈಕ್ ತಂದ, ಇಬ್ಬರ ನಡುವೆ ಕೂರಿಸೋ ಯೋಚನೆ. ಎದ್ದು ನಿಂತ ಕೂಡಲೇ ಕಾಕಾಗೆ ಕಣ್ಣು ಕತ್ತಲೆ ಬಂತು. ಕೊನೆಗೆ ಪಕ್ಕದ ಹೊಲದವರ ಟಾಟಾ ಏಸ್‌ನಲ್ಲಿ, ಕಾಲು ಶೇಂಗಾ ಚೀಲದ ಮೇಲಿಟ್ಟು ಮಲಗಿಸಿದೆವು. ಬುದ್ಧಿವಂತಿಕೆ ಅಲ್ಲ, ಬೇರೆ ಜಾಗ ಇರಲಿಲ್ಲ. ಡಾಕ್ಟರ್ ಮಾತ್ರ "ಮಲಗಿಸಿ ತಂದದ್ದು ಛಲೋ ಆತು" ಅಂದರು. ಬಿಪಿ ಬಿದ್ದವರನ್ನು ಥಟ್ಟನೆ ನಿಲ್ಲಿಸಿದರೆ ಹೃದಯಕ್ಕೆ ರಕ್ತ ಮರಳೋದಿಲ್ಲ, ಅಲ್ಲೇ ಜೀವ ಹೋಗಬಹುದು. ದಮ್ಮು ಜಾಸ್ತಿ ಇದ್ದವರನ್ನು ಮಾತ್ರ ಕಾಲು ಚಾಚಿಸಿ ಒರಗಿಸಿ ಕೂರಿಸಬೇಕಂತೆ.

ಆಸ್ಪತ್ರೆಯಲ್ಲಿ ತೊಡೆಯ ಹೊರಮಗ್ಗುಲಿಗೆ ಅರ್ಧ ಎಂ.ಎಲ್. ಅಡ್ರಿನಲಿನ್ ಚುಚ್ಚಿದರು. ಐದು ನಿಮಿಷ ನೋಡಿ ಇನ್ನೊಂದು. ಕಾಕಾನ ಕೈ ಗಡಗಡ ನಡುಗುತ್ತಿತ್ತು, ಅದು ಔಷಧಿಯದೇ ನಡುಕವಂತೆ. ಆದರೆ ದನಿ ಮರಳಿತ್ತು, ಮೊದಲು ಕೇಳಿದ್ದೇ "ಶೇಂಗಾ ಯಾರ್ ನೋಡಾಕತ್ತಾರ?" ಇಳಿದದ್ದು ಕೆಲವು ಗಂಟೆ ಬಿಟ್ಟು ಮತ್ತೆ ಏರಬಹುದು ಅಂತ ರಾತ್ರಿ ಅಲ್ಲೇ ಇರಿಸಿಕೊಂಡರು.

ಹೊರದೇಶದಲ್ಲಿ ರೋಗಿಗಳು ತಾವೇ ಚುಚ್ಚಿಕೊಳ್ಳೋ ಅಡ್ರಿನಲಿನ್ ಪೆನ್ ಇಟ್ಟುಕೊಂಡಿರುತ್ತಾರೆ. ನಮ್ಮಲ್ಲಿ ಅದು ಸುಲಭಕ್ಕೆ ಸಿಗೋದಿಲ್ಲ. ಕಾಕಾ ಹತ್ತಿರ ಇರೋದು ಡಾಕ್ಟರ್ ಬರೆದುಕೊಟ್ಟ ಚೀಟಿ, ಎಲೆ-ಅಡಿಕೆ ಚಂಚಿಯಲ್ಲಿ. ಸುಣ್ಣ ಹತ್ತಿ ಅರ್ಧ ಅಕ್ಷರ ಅಳಿಸಿದೆ. ನಾನು ಅದರ ಫೋಟೋ ತೆಗೆದು ಮನೆಯವರಿಗೆಲ್ಲ ಕಳಿಸಿದ್ದೇನೆ.