ಶಂಕ್ರಣ್ಣನ ದವಡೆಯಿಂದ ದೇವರ ಕೋಣೆವರೆಗೆ

ನಮ್ಮ ಬೀದಿಯ ಶಂಕ್ರಣ್ಣ ಹೋದ ತಿಂಗಳು ಒಂದೇ ದಿನ ನಾಲ್ಕು ದವಡೆ ಹಲ್ಲು ಕೊರೆಸಿಕೊಂಡು ಬಂದರು. ನೋವಿತ್ತಾ ಅಂದರೆ ಇಲ್ಲ. ಹುಳುಕಾ? ಅದೂ ಅಲ್ಲ. ಮೂವತ್ತು ವರ್ಷದ ಹಿಂದೆ ಹಾಕಿಸಿದ ಬೆಳ್ಳಿ ಸಿಮೆಂಟು, ಅದೇ ಡಾಕ್ಟರು ಅಮಾಲ್ಗಮ್ ಅನ್ನುವ ಬೂದು ಬಣ್ಣದ್ದು, ಹುರಿಗಡಲೆ, ಚಕ್ಕುಲಿ, ಕೋಡುಬಳೆ ಎಲ್ಲವನ್ನೂ ಅರೆದುಕೊಂಡು ತೆಪ್ಪಗೆ ಕೂತಿತ್ತು. ಅಷ್ಟರಲ್ಲಿ ಭಾಮೈದ ಒಂದು ವಿಡಿಯೋ ಕಳಿಸಿದ. 'ನಿಮ್ಮ ಬಾಯಲ್ಲೇ ಇದೆ ವಿಷದ ಬಾಂಬು, ಹತ್ತು ಜನಕ್ಕೆ ಕಳಿಸಿ.' ಶಂಕ್ರಣ್ಣ ಮೊದಲು ಹತ್ತು ಜನಕ್ಕೆ ಕಳಿಸಿದರು, ಆಮೇಲೆ ನೋಡಿದರು.

ವಿಡಿಯೋದಲ್ಲಿ ಇದ್ದದ್ದೆಲ್ಲ ಸುಳ್ಳಾಗಿದ್ದರೆ ಸಲೀಸಾಗಿತ್ತು. ಆ ಸಿಮೆಂಟಿನ ತೂಕದಲ್ಲಿ ಹೆಚ್ಚುಕಮ್ಮಿ ಅರ್ಧ ಪಾದರಸವೇ, ಉಳಿದದ್ದು ಬೆಳ್ಳಿ, ತವರ, ತಾಮ್ರ. ನಿಜ. ಅಗಿಯುವಾಗ, ನಿದ್ದೆಯಲ್ಲಿ ಹಲ್ಲು ಕಡಿಯುವಾಗ ಚೂರೇ ಚೂರು ಆವಿ ಬರುತ್ತೆ. ಅದೂ ನಿಜ. ಆದರೆ ಅದು ಸ್ಕೂಲ್ ಲ್ಯಾಬಲ್ಲಿ ನಾವು ಅಂಗೈ ಮೇಲೆ ಉರುಳಿಸಿ ಆಡುತ್ತಿದ್ದ ಗುಂಡುಗಳ ಥರ ಹಲ್ಲೊಳಗೆ ಓಡಾಡುತ್ತಿರುವುದಿಲ್ಲ. ಬೆಳ್ಳಿ, ತವರದ ಜೊತೆ ಸೇರಿ ಗಟ್ಟಿಯಾಗಿ ಕೂತಿರುತ್ತೆ. ಅಮೆರಿಕದಲ್ಲಿ ಒಂದು, ಪೋರ್ಚುಗಲ್‌ನಲ್ಲಿ ಒಂದು, ಒಟ್ಟು ಸಾವಿರಕ್ಕೂ ಜಾಸ್ತಿ ಮಕ್ಕಳನ್ನು ವರ್ಷಗಟ್ಟಲೆ ನೋಡಿ 2006ರಲ್ಲಿ ಎರಡು ಅಧ್ಯಯನ ಬಂದವು. ಬುದ್ಧಿಯಲ್ಲಾಗಲಿ ನೆನಪಿನಲ್ಲಾಗಲಿ, ಬೆಳ್ಳಿ ಸಿಮೆಂಟಿನ ಮಕ್ಕಳಿಗೂ ಪಾದರಸವಿಲ್ಲದ ಬಿಳಿ ಸಿಮೆಂಟಿನ ಮಕ್ಕಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಇದನ್ನೆಲ್ಲ ವಿಡಿಯೋಗೆ ಹಾಕಿದರೆ ಯಾರು ಕಳಿಸ್ತಾರೆ ಹತ್ತು ಜನಕ್ಕೆ?

ಬದಲಿಗೆ ಅದರಲ್ಲಿ ಜಪಾನಿನ ಮಿನಮಾಟಾದ ಜನರ ಸೊಟ್ಟಗಾದ ಕೈಗಳನ್ನು ತೋರಿಸಿದ್ದರು. ಅಯ್ಯೋ, ಅವರು ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಹಾಗಾದವರಲ್ಲ. ಕಾರ್ಖಾನೆಯೊಂದು ಸಮುದ್ರಕ್ಕೆ ಬಿಟ್ಟ ಮೀಥೈಲ್ ಪಾದರಸ, ಹಲ್ಲಿನದ್ದಕ್ಕಿಂತ ಬೇರೆಯೇ ಬಗೆಯದು, ಮೀನಿನ ಹೊಟ್ಟೆ ಸೇರಿ, ಆ ಮೀನು ಇವರ ತಟ್ಟೆ ಸೇರಿ ಆದ ಕಾಯಿಲೆ ಅದು. 1956ರಲ್ಲಿ ಬೆಳಕಿಗೆ ಬಂತು. ಆ ಜನರ ನೋವನ್ನು ತಂದು ಶಂಕ್ರಣ್ಣನ ದವಡೆಗೆ ಅಂಟಿಸಿದ್ದಾಯಿತು.

ಈಗ ಮಜಾ ಕೇಳಿ. ಬೆಳ್ಳಿ ಸಿಮೆಂಟಿನಿಂದ ಆವಿ ಜಾಸ್ತಿ ಬರುವುದು ಎರಡು ಸಲ, ಹಾಕುವಾಗ ಮತ್ತು ಕೊರೆದು ತೆಗೆಯುವಾಗ. ಔಷಧಿ, ಚಿಕಿತ್ಸೆಯ ಸಾಮಾನುಗಳ ಮೇಲೆ ಕಣ್ಣಿಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2020ರಲ್ಲಿ ಹೇಳಿದ್ದೂ ಇದನ್ನೇ. ಬಸುರಿಯರು, ಆರು ವರ್ಷದೊಳಗಿನ ಮಕ್ಕಳು, ಕಿಡ್ನಿ ತೊಂದರೆ ಇರುವವರು ಹೊಸದಾಗಿ ಹಾಕಿಸುವುದು ಬೇಡ, ಆದರೆ ಇರುವುದು ಗಟ್ಟಿಮುಟ್ಟಾಗಿದ್ದರೆ ಸುಮ್ನೆ ಕೀಳಿಸಬೇಡಿ ಅಂತ. ಶಂಕ್ರಣ್ಣ ಪಾದರಸಕ್ಕೆ ಹೆದರಿ, ಮೂವತ್ತು ವರ್ಷ ಮಲಗಿದ್ದ ಪಾದರಸವನ್ನು ಡ್ರಿಲ್ ಹಾಕಿ ಎಬ್ಬಿಸಿ, ಅದರ ಆವಿಯನ್ನು ಮೂಗು ತುಂಬ ಎಳೆದುಕೊಂಡು, ಕೈಯಿಂದ ದುಡ್ಡೂ ಕೊಟ್ಟು ಬಂದರು. ಚೂರು, ಆವಿ ಒಳಗೆ ಹೋಗದ ಹಾಗೆ ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟಿದ್ರಾ, ಜೋರಾಗಿ ಎಳೆಯೋ ಸಕ್ಷನ್ ಇಟ್ಟಿದ್ರಾ ಅಂತ ಕೇಳಿದೆ. "ಫ್ಯಾನ್ ಹಾಕಿದ್ರು ಕಣಯ್ಯ" ಅಂದರು.

ಹಾಗಂತ ಈ ಸಿಮೆಂಟನ್ನು ಜಗತ್ತು ತಲೆ ಮೇಲೆ ಹೊತ್ತುಕೊಂಡಿದೆ ಅಂತಲೂ ಅಲ್ಲ. ಜಗಳ ಹಳೆಯದು. 1840ರಲ್ಲಿ ಹುಟ್ಟಿದ ಅಮೆರಿಕದ ದಂತವೈದ್ಯರ ಸಂಘವೊಂದು, ಇದನ್ನು ಮುಟ್ಟುವುದಿಲ್ಲ ಅಂತ ಸದಸ್ಯರಿಂದ ಬರೆಸಿಕೊಳ್ಳಲು ಹೋಗಿ, ಜಗಳದಲ್ಲಿ ಸೊರಗಿ 1856ರಲ್ಲಿ ಬಾಗಿಲು ಹಾಕಿತು. ಯುರೋಪ್ ಒಕ್ಕೂಟ 2025ರ ಜನವರಿಯಿಂದ ಹೆಚ್ಚುಕಮ್ಮಿ ನಿಲ್ಲಿಸಿಯೇ ಬಿಟ್ಟಿದೆ. ಪಾದರಸದ ಬಳಕೆ ತಗ್ಗಿಸಲು ನಮ್ಮ ದೇಶವೂ ಸೇರಿ ಹಲವು ದೇಶಗಳು ಮಾಡಿಕೊಂಡ ಮಿನಮಾಟಾ ಒಪ್ಪಂದದವರು 2034ರೊಳಗೆ ಪೂರ್ತಿ ಬಿಡೋಣ ಅಂದಿದ್ದಾರೆ. ಅವರಿಗೆ ಮುಖ್ಯವಾಗಿ ಚಿಂತೆ ಇರುವುದು ಕ್ಲಿನಿಕ್ಕಿನ ಸಿಂಕಿನಿಂದ ಮೋರಿಗೆ, ಮೋರಿಯಿಂದ ಕೆರೆ ಹೊಳೆಗೆ, ಅಲ್ಲಿಂದ ಮೀನಿಗೆ ಹೋಗುವ ಪಾದರಸದ್ದು. ಅದಕ್ಕೇ ಅಮೆರಿಕದಲ್ಲಿ ಸಿಂಕಿನ ಕೊಳವೆಗೂ ಸೋಸುವ ಯಂತ್ರ ಹಾಕಬೇಕು ಅಂತ ಕಾನೂನು. ಬಾಟಲಿಯಲ್ಲಿದ್ದಾಗ ಅಪಾಯ, ಮೋರಿಯಲ್ಲಿ ಅಪಾಯ, ನಡುವೆ ಬಾಯಲ್ಲಿ ಮಾತ್ರ ಪರವಾಗಿಲ್ಲ ಅಂದರೆ ಯಾರಿಗಾದರೂ ಅನುಮಾನ ಬರುತ್ತೆ ಬಿಡಿ. ಅಲ್ಲೇ ಒಬ್ಬ ಡಾಕ್ಟರು ಐದು ನಿಮಿಷ ಕೂತು ಬಿಡಿಸಿ ಹೇಳಿದ್ದರೆ ಭಾಮೈದನ ವಿಡಿಯೋಗೆ ಇಷ್ಟು ಗಿರಾಕಿ ಇರುತ್ತಿರಲಿಲ್ಲ.

ಮಾರನೇ ದಿನ ಹೋದಾಗ ಶಂಕ್ರಣ್ಣ ಮಾತ್ರೆ ನುಂಗುತ್ತಿದ್ದರು. "ಮೈಯಲ್ಲಿ ಉಳಿದಿರೋ ಪಾದರಸ ಕ್ಲೀನ್ ಆಗ್ಬೇಕಲ್ಲ?" ಡಬ್ಬಿ ತಿರುಗಿಸಿ ಓದಿದೆ. ಮೂರನೇ ಸಾಲಲ್ಲಿ ರಸಸಿಂಧೂರ. ಪಾದರಸ, ಗಂಧಕ ಅರೆದು ಕಾಯಿಸಿ ಮಾಡುವ ಮದ್ದು. "ಅಣ್ಣಾ, ಇದ್ರಲ್ಲೂ ಅದೇ ಇದೆ" ಅಂದೆ. "ಇದು ನ್ಯಾಚುರಲ್ಲು" ಅಂದರು.

ಹಲ್ಲಿನಿಂದ ತೆಗೆದ ಚೂರುಗಳನ್ನು ಡಾಕ್ಟರು ಕೊಟ್ಟು ಕಳಿಸಿದ್ದರು, ಕಾಗದದ ಪೊಟ್ಟಣದಲ್ಲಿ. ಮೆಣಸಿನ ಕಾಳು ಒಡೆದ ಹಾಗೆ, ಕಪ್ಪಗೆ. ಆ ಹೊತ್ತಿಗೆ ಸರಿಯಾಗಿ ಹಾಡು ಹಾಕಿಕೊಂಡು ಕಸದ ಗಾಡಿ ಬಂತು. ಶಂಕ್ರಣ್ಣ ಪೊಟ್ಟಣ ಹಿಡಿದು ಓಡಿದರು.

"ಹಸಿದಾ ಒಣಗಿದ್ದಾ ಸಾರ್?" ಅಂದಳು ಗಾಡಿಯವಳು.

"ವಿಷ ಕಣಮ್ಮ."

"ವಿಷಕ್ಕೆ ಬಕೆಟ್ ಇಲ್ಲ ಸಾರ್, ನೀವೇ ಇಟ್ಕೊಳ್ಳಿ."

ಪೊಟ್ಟಣ ವಾಪಸ್ ಬಂತು. ಎಷ್ಟಾದರೂ ಬೆಳ್ಳಿ ಇದೆಯಲ್ಲ, ಎಸೆಯಲು ಮನಸ್ಸೂ ಬರಲಿಲ್ಲ ಅನ್ನಿ. ದೇವರ ಕೋಣೆಯಲ್ಲಿ, ಶಿವರಾತ್ರಿಗೆಂದು ಆನ್‌ಲೈನಲ್ಲಿ ತರಿಸಿದ ಲಿಂಗದ ಪಕ್ಕ ಇಟ್ಟರು. ಫಳಫಳ ಹೊಳೆಯುವ ಪಾದರಸದ ಲಿಂಗ. ಅದರ ಪೆಟ್ಟಿಗೆ ಇನ್ನೂ ಅಲ್ಲೇ ಇತ್ತು, ಮೇಲೆ ದಪ್ಪಕ್ಷರದಲ್ಲಿ 'ಶುದ್ಧ ಪಾದರಸಕ್ಕೆ ಬೆಳ್ಳಿ ಸೇರಿಸಿ ಗಟ್ಟಿ ಮಾಡಿದ್ದು' ಅಂತ ಬರೆದಿತ್ತು. ಹಲ್ಲಿನ ಡಾಕ್ಟರ ಭಾಷೆಯಲ್ಲಿ ಅದಕ್ಕೆ ಏನನ್ನುತ್ತಾರೆ ಅಂತ ಹೇಳಲು ಬಾಯಿ ತೆರೆದೆ. ಶಂಕ್ರಣ್ಣ ಆಗಲೇ ಅಭಿಷೇಕದ ಹಾಲನ್ನು ಉದ್ಧರಣೆಯಲ್ಲಿ ತುಂಬಿ ಮುಂದೆ ಹಿಡಿದಿದ್ದರು.

"ತಗೋ, ತೀರ್ಥ. ದಿನಾ ಮೂರು ಸಲ ಕುಡೀತೀನಿ ನಾನು."

ಬೊಗಸೆಯೊಡ್ಡಿ ಇಸಕೊಂಡೆ. ಅವರು ಆ ಕಡೆ ತಿರುಗಿದಾಗ ತಲೆಗೆ ಸವರಿಕೊಂಡೆ.