ಯಾವ ಚೌಕಟ್ಟು?

ಕೊನೆಗೂ ತೀರ್ಮಾನ ಆಯಿತಂತೆ. ಬಾಗಲಕೋಟೆ ನವನಗರದ ಆ ಎರಡು ಕೋಣೆಯ ಆಫೀಸಿನಲ್ಲಿ ನಾಲ್ಕು ತಿಂಗಳಿಂದ ನಡೆದಿದ್ದ ಚರ್ಚೆ ಮುಗಿದಿದೆ. ಸಾವ್ಕಾರರ ಸೀರೆ ಅಂಗಡಿಯ ವೆಬ್‌ಸೈಟನ್ನು ರಿಯಾಕ್ಟ್‌ನಲ್ಲಿ ಮಾಡುವುದಿಲ್ಲ, ಸ್ವೆಲ್ಟ್‌ನಲ್ಲಿ ಮಾಡುತ್ತಾರೆ. ಹೋದ ತಿಂಗಳು ವ್ಯೂನಲ್ಲಿ ಮಾಡುವವರಿದ್ದರು. ಇವೆಲ್ಲ ವೆಬ್‌ಸೈಟ್ ಕಟ್ಟಲು ಸಿಗುವ ಸಿದ್ಧ ಚೌಕಟ್ಟುಗಳು, ಹುಡುಗರ ಬಾಯಲ್ಲಿ ಫ್ರೇಮ್‌ವರ್ಕ್. ಅದಕ್ಕೂ ಮುಂಚಿನದು ಬೇಡ ಬಿಡಿ, ಆಗ ಜಗಳವೇ ಆಗಿತ್ತು.

ಸಾವ್ಕಾರರು ಕೇಳಿದ್ದೇನು? 40 ಇಳಕಲ್ ಸೀರೆಗಳ ಫೋಟೋ, ಕೆಳಗೆ ರೇಟು, ಕೊನೆಗೆ ಫೋನ್ ನಂಬರ್. ಇಷ್ಟನ್ನೂ ಕ್ಯಾಲೆಂಡರ್ ಹಾಳೆಯ ಹಿಂದೆ ಬಾಲ್ ಪೆನ್ನಿನಲ್ಲಿ ಬರೆದುಕೊಟ್ಟಿದ್ದರು. ಆ ಹಾಳೆಯ ಮೇಲೆ ಈಗ ಚಹಾ ಕಪ್ಪಿನ ಮೂರು ಉಂಗುರ ಮೂಡಿವೆ. ಬೇರೆ ಯಾವ ಕೆಲಸವೂ ಆಗಿಲ್ಲ.

ಆಫೀಸು ನನ್ನ ಅಣ್ಣನ ಮಗನದ್ದು. ಬುದ್ಧಿವಂತ ಹುಡುಗ, ಸುಳ್ಳು ಹೇಳಬಾರದು. "ಕಾಕಾ, ನಾಳೆ ಹತ್ತು ಲಕ್ಷ ಮಂದಿ ಒಮ್ಮೆಲೇ ಬಂದ್ರ ಸೈಟ್ ತಡೀಬೇಕಲ್ರಿ?" ಅಂದ. ಸೈಟ್ ತಡೆಯಬಹುದು, ಸಾವ್ಕಾರರು ತಡೆಯಬೇಕಲ್ಲ! ಅಂಗಡಿಯಲ್ಲಿ ಇರುವವರು ಇಬ್ಬರು, ಅದರಲ್ಲೊಬ್ಬ ಮಧ್ಯಾಹ್ನ ಊಟಕ್ಕೆ ಹೋಗುತ್ತಾನೆ. ಕೈಮಗ್ಗದಲ್ಲಿ ಒಂದು ಸೀರೆ ಇಳಿಯಲು ದಿನಗಟ್ಟಲೆ ಬೇಕು.

ರಿಯಾಕ್ಟನ್ನು ಫೇಸ್‌ಬುಕ್‌ನವರು 2013ರಲ್ಲಿ ಹೊರಗೆ ಬಿಟ್ಟರು. ಅವರ ಕಷ್ಟ ಅವರಿಗಿತ್ತು. ಕೋಟಿಗಟ್ಟಲೆ ಜನ, ಕ್ಷಣಕ್ಕೊಂದು ಲೈಕು, ಪುಟದ ಒಂದು ಮೂಲೆ ಬದಲಾದರೆ ಇನ್ನೊಂದು ಮೂಲೆಯೂ ಬದಲಾಗಬೇಕು. ನಮ್ಮ ಸಾವ್ಕಾರರ ಪುಟದಲ್ಲಿ ಬದಲಾಗುವುದು ರೇಟು ಮಾತ್ರ. ಅದೂ ದೀಪಾವಳಿಗೆ.

ಹುಡುಗ ಸೋಲಲಿಲ್ಲ. ಎಲ್ಲವನ್ನೂ ಕಾಂಪೊನೆಂಟ್ ಕಾಂಪೊನೆಂಟಾಗಿ ಮಾಡಿ ಆಮೇಲೆ ಜೋಡಿಸುವುದೇ ಹೊಸ ಪದ್ಧತಿ ಅಂತ ಸಾವ್ಕಾರರಿಗೂ ತಿಳಿಸಿ ಹೇಳಿದನಂತೆ. ಅವರು ನಕ್ಕರಂತೆ. "ನಮ್ಮ ಸೀರಿನೂ ಹಂಗ ಐತಲ್ಲೋ ತಮ್ಮಾ. ಒಡಲಿನ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ, ಎಳಿ ಎಳಿಗೆ ಕೊಂಡಿ ಹಾಕಿ ಕೂಡಸ್ತಾರ. ಆದ್ರ ನೇಕಾರ ತಿಂಗಳಿಗೊಂದು ಮಗ್ಗ ಬದಲಸಂಗಿಲ್ಲ."

ಮಗ್ಗ ಬದಲಿಸುವ ಮಾತು ಬಂತಲ್ಲ, ಆಂಗ್ಯುಲರ್ ಅನ್ನುವ ಇನ್ನೊಂದು ಫ್ರೇಮ್‌ವರ್ಕಿನ ಕಥೆ ಹೇಳಲೇಬೇಕು. ಗೂಗಲ್‌ನವರು 2010ರಲ್ಲಿ ಒಂದನ್ನು ತಂದರು. ಜನ ಕಲಿತರು. 2016ರಲ್ಲಿ ಎರಡನೆಯದು ಬಂತು. ಹೆಸರು ಅದೇ, ಒಳಗೆ ಪೂರ್ತಿ ಬೇರೆ. ಕಲಿತವರು ಮತ್ತೆ ಅ ಆ ಇ ಈ. ಮರುವರ್ಷ ನಾಲ್ಕನೆಯದು. ಮೂರನೆಯದು ಎಲ್ಲಿ? ಇಲ್ಲ, ಬರಲೇ ಇಲ್ಲ. ಒಳಗಿನ ಒಂದು ಬಿಡಿಭಾಗ ಆಗಲೇ ಮೂರು ಅಂತ ನಂಬರ್ ಹಾಕಿಕೊಂಡಿತ್ತು, ಅದಕ್ಕೇ ಎಲ್ಲರೂ ನಾಲ್ಕಕ್ಕೆ ಹಾರಿದರು. 2021 ಮುಗಿಯುವ ಹೊತ್ತಿಗೆ ಹಳೆಯದಕ್ಕೆ ಎಳ್ಳುನೀರು.

ಆದರೆ ಬಾಗಲಕೋಟೆಯವರಿಗೆ ವರ್ಷನ್ ನಂಬರಿನ ಪಾಠ ಬೇಕಿಲ್ಲ. 519.60 ಮೀಟರಿನಿಂದ 524.256ಕ್ಕೆ ಅಂತ ಆಲಮಟ್ಟಿ ಅಣೆಕಟ್ಟೆಯ ಅಪ್‌ಗ್ರೇಡ್ ಸುದ್ದಿ ಕೇಳುತ್ತಲೇ ನಮ್ಮ ಕೂದಲು ನೆರೆತಿದೆ. 2010ರಲ್ಲೇ ಕೃಷ್ಣಾ ನೀರಿನ ನ್ಯಾಯಮಂಡಳಿ ಹ್ಞೂಂ ಅಂದಿತ್ತು. ಒಂದು ಫ್ರೇಮ್‌ವರ್ಕಿನಿಂದ ಇನ್ನೊಂದಕ್ಕೆ ಗುಳೆ ಹೋಗುವುದಕ್ಕೆ ಮೈಗ್ರೇಷನ್ ಅಂತಾರೆ. ಹುಡುಗ "ಮೈಗ್ರೇಷನ್ ಸಣ್ಣ ಕೆಲಸ ಕಾಕಾ" ಅಂತ ಹೇಳುವುದು ಮುಳುಗಡೆಯವರಿಗೆ ಕಟ್ಟಿದ ನವನಗರದ ಸೆಕ್ಟರ್‌ನಲ್ಲಿ ಕೂತು! ಹಳೇ ಊರಿನ ನಮ್ಮ ಮನೆ ಹಿನ್ನೀರಿಗೆ ಹೋಗುವ ಮುಂಚೆ ನಮ್ಮಪ್ಪ ತಲೆಬಾಗಿಲಿನ ಸಾಗವಾನಿ ಚೌಕಟ್ಟು ಕಿತ್ತು ಚಕ್ಕಡಿಯಲ್ಲಿ ಹೇರಿಕೊಂಡು ಬಂದರು. ಹೊಸ ಮನೆಗೆ ಅದು ದೊಡ್ಡದಾಯಿತು. ಚೌಕಟ್ಟಿಗೆ ಗರಗಸ ಹಚ್ಚಲಿಲ್ಲ, ಗೋಡೆ ಒಡೆಸಿದರು. ಇವತ್ತಿಗೂ ಅದೇ ಬಾಗಿಲು. ಹುಡುಗ ದಿನಾ ಅದನ್ನೇ ದಾಟಿಕೊಂಡು ಫ್ರೇಮ್‌ವರ್ಕ್ ಹುಡುಕಲು ಹೋಗುತ್ತಾನೆ.

ನಿಜ ಕಾರಣ ಅವನೇ ಒಂದು ದಿನ ಬಾಯಿಬಿಟ್ಟ. ಬೆಂಗಳೂರಿನಲ್ಲಿ ಇಂಟರ್‌ವ್ಯೂಗೆ ಹೋದರೆ ಮೊದಲು ಕೇಳುವುದೇ ಇದನ್ನಂತೆ: ಯಾವ ಫ್ರೇಮ್‌ವರ್ಕ್, ಎಷ್ಟು ವರ್ಷ? ಸೀರೆ ಎಷ್ಟು ಮಾರಿತು ಅಂತ ಯಾರೂ ಕೇಳುವುದಿಲ್ಲ. ಅಂದರೆ ಸಾವ್ಕಾರರ ದುಡ್ಡಿನಲ್ಲಿ ತಯಾರಾಗುತ್ತಿರುವುದು ಇವನ ಬಯೋಡೇಟಾ. ಹುಡುಗನನ್ನು ಬೈಯಲು ಮನಸ್ಸು ಬರಲಿಲ್ಲ. ಊರಲ್ಲಿ ಕೆಲಸ ಎಲ್ಲಿದೆ?

ಸಿಟ್ಟು ಬಂದದ್ದು ಹೋದ ವಾರ, ಸೈಬರ್ ಸೆಂಟರಿನಲ್ಲಿ. ನನ್ನ ಮುಂದೆ ಬೀಳಗಿ ಕಡೆಯ ಒಬ್ಬ ಅಜ್ಜ. ಪ್ಲಾಸ್ಟಿಕ್ ಚೀಲದಲ್ಲಿ ಆಧಾರ್, ಪಾಸ್‌ಬುಕ್, ಉತಾರ. ತುಂಬಬೇಕಾದ ಅರ್ಜಿಯಲ್ಲಿ ಎಂಟೇ ಖಾನೆ. ಪರದೆ ಮಾತ್ರ ಬೆಳ್ಳಗೆ, ನಡುವೆ ಒಂದು ಚಕ್ರ ಗಿರಗಿರ. "ಸರ್ವರ್ ಬ್ಯುಸಿ ಐತ್ರಿ" ಅಂದ ಸೆಂಟರಿನವನು. ಆಮೇಲೆ ಅಣ್ಣನ ಮಗನಿಗೆ ತೋರಿಸಿದೆ. ನೋಡಿ ಮುಖ ಸಣ್ಣಗೆ ಮಾಡಿದ. ಎಂಟು ಖಾನೆ ಬಿಡಿಸಲು ಮೊದಲು ಮೂಟೆಗಟ್ಟಲೆ ಜಾವಾಸ್ಕ್ರಿಪ್ಟ್ ಕೋಡು ಇಳಿಯಬೇಕಂತೆ. ಅದು ಪೂರ್ತಿ ಇಳಿಯುವ ತನಕ ಒಂದಕ್ಷರವೂ ಕಾಣುವುದಿಲ್ಲ. ಖಾನೆ ಬಿಡಿಸುವುದನ್ನು ಬ್ರೌಸರ್ 1990ರ ದಶಕದಿಂದ ತಾನೇ ಮಾಡುತ್ತಿದೆ. ಯಾರೂ ಅದಕ್ಕೆ ಕಲಿಸಬೇಕಿಲ್ಲ, ಸುಮ್ನೆ ಮಾಡಲು ಬಿಟ್ಟರೆ ಸಾಕು. ಅಜ್ಜನಿಗೆ ಮಧ್ಯಾಹ್ನದ ಬಸ್ಸು ತಪ್ಪಿತು. ಇದರಲ್ಲಿ ತಮಾಷೆ ಮಾಡಲು ನನಗೆ ಏನೂ ಸಿಗುತ್ತಿಲ್ಲ.

ಸಾವ್ಕಾರರು ಈ ನಡುವೆ ಮೊಮ್ಮಗಳ ಕೈಲಿ 40 ಫೋಟೋಗಳನ್ನೂ ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹಾಕಿಸಿದ್ದಾರೆ. ಮೊನ್ನೆ ಆಫೀಸಿಗೆ ಬಂದಿದ್ದರು. ಅಡ್ವಾನ್ಸ್ ವಾಪಸ್ ಕೇಳುತ್ತಾರೆ ಅಂತ ಹುಡುಗ ಎದ್ದು ನಿಂತನಂತೆ.

"ಅದು ಇರಲಿ ತಮ್ಮಾ. ಆ ಕ್ಯಾಲೆಂಡರ್ ಹಾಳಿ ಕೊಟ್ಟುಬಿಡು. ಮುಂದಿನ ಮಗ್ಗಲಾಗ ಹಾಲಿನ ಲೆಕ್ಕ ಐತಿ, ಹಾಲಿನಾಂವ ಜಗಳಾ ತಗದಾನ."