ಬಳ್ಳಿಗೆ ನೆಟ್ಟ ಕೋಲು

ಅಂಗಡಿಯಿಂದ ರಾಜ್ಮಾ ಕೊಂಡು ತರುವುದು ಮರ್ಯಾದೆಗೆ ಕಡಿಮೆ ಎಂದು ನನಗೆ ಅನ್ನಿಸಿದ್ದು ಕಳೆದ ಆಗಸ್ಟ್‌ನಲ್ಲಿ. ಮಡಿಕೇರಿಯ ಮಳೆಗಾಲದಲ್ಲಿ ನಡುಮನೆಗೆ ಹಗ್ಗ ಕಟ್ಟಿ, ಅದರ ಮೇಲೆ ಹರವಿದ ಬಟ್ಟೆ ಒಣಗುವ ಬದಲು ಮುಗ್ಗಲು ಹಿಡಿಯುವುದನ್ನು ನೋಡುತ್ತ ಕುಳಿತವನಿಗೆ ಇಂಥ ಯೋಚನೆಗಳು ಬರುವುದುಂಟು. ಒಂದು ಜೊತೆ ಕಾಲುಚೀಲ ಒಣಗಿಸಲಾಗದ ಊರಿನಲ್ಲಿ ಕಾಳು ಒಣಗಿಸಲು ಹೊರಟಿದ್ದೇನೆ ಎಂಬುದು ಮಾತ್ರ ಆಗ ಹೊಳೆಯಲಿಲ್ಲ.

ಅತ್ತೆಗೆ ಹೊಳೆಯಿತು. ಅವರು ಶನಿವಾರಸಂತೆ ಕಡೆಯವರು. ಅಲ್ಲಿ ಮಳೆ ನಮ್ಮಷ್ಟು ಸುರಿಯುವುದಿಲ್ಲವಾದ್ದರಿಂದ ಕಾಳು ಬೇಳೆಯ ವಿಷಯದಲ್ಲಿ ಅವರ ಮಾತಿಗೆ ಮನೆಯಲ್ಲಿ ತೂಕ ಹೆಚ್ಚು. "ಎಳೆಯದರಲ್ಲೇ ಕಿತ್ತು ಪಲ್ಯ ಮಾಡಿ, ಅಳಿಯಂದಿರೇ" ಎಂದರು. ಪಲ್ಯದ ಬೀನ್ಸೂ ರಾಜ್ಮಾವೂ ಒಂದೇ ಜಾತಿಯವು ಎಂಬುದು ನಿಜವೇ. ಎಳೆಯದನ್ನು ಕಿತ್ತರೆ ತರಕಾರಿ, ಬಳ್ಳಿಯಲ್ಲೇ ಒಣಗಲು ಬಿಟ್ಟರೆ ಕಾಳು. ನಡುವೆ ಬೇಕಾದದ್ದು ತಾಳ್ಮೆ ಮಾತ್ರ ಎಂದು ನಾನು ಸ್ವಲ್ಪ ಗತ್ತಿನಿಂದಲೇ ಹೇಳಿದೆ.

ಸೆಪ್ಟೆಂಬರ್ ಕೊನೆಗೆ ಮಳೆ ಇಳಿಮುಖವಾದಾಗ ಅಡುಗೆಮನೆಯ ಡಬ್ಬಿಯಿಂದ 40 ಕಾಳು ಎತ್ತಿ ಹಿತ್ತಲಿನಲ್ಲಿ ಊರಿದೆ. ಒಂಬತ್ತು ಮಣ್ಣಿನೊಳಗೇ ಕೊಳೆತವು, ಐದಾರನ್ನು ಬಸವನಹುಳು ಮೇಯ್ದವು. ಉಳಿದವು ಕಾವೇರಿ ಸಂಕ್ರಮಣದ ಹೊತ್ತಿಗೆ ಹಂಬು ಚಾಚಿ ಆಸರೆಗಾಗಿ ಗಾಳಿಯಲ್ಲಿ ತಡಕಾಡತೊಡಗಿದವು. ಪಕ್ಕದ ತೋಟದಲ್ಲಿ ನೆರಳಿನ ಮರಗಳ ಕೊಂಬೆ ಸವರಿದ್ದರು. ಕೇಳಿ, ನೇರವಾದ ಕೋಲುಗಳನ್ನು ಹೊತ್ತು ತಂದು ನೆಟ್ಟೆ. ಅವು ಹಾಲುವಾಣದ ಕೋಲುಗಳು. ಹಾಲುವಾಣದ ಕೊಂಬೆ ಕಡಿದು ನೆಟ್ಟರೆ ಬೇರು ಬಿಡುತ್ತದೆ ಎಂದು ಕೊಡಗಿನಲ್ಲಿ ಮಕ್ಕಳಿಗೂ ಗೊತ್ತು. ಮೆಣಸಿನ ಬಳ್ಳಿಗೆ ಅದನ್ನು ನೆಡುವುದೇ ಅದಕ್ಕಾಗಿ. ನನಗೂ ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ಸಮಯಕ್ಕೆ ನೆನಪಾಗುವುದು ಬೇರೆ.

ಮೂರು ವಾರಕ್ಕೆ ಕೋಲುಗಳು ಚಿಗುರಿದವು. ನಾನು ಹಾಕಿದ ಗೊಬ್ಬರವೆಲ್ಲ ಯಾರ ಹೊಟ್ಟೆ ಸೇರಿತೋ, ಬಳ್ಳಿ ಬಡಕಲಾಗಿ, ಕೋಲು ಕೊಬ್ಬಿತು. ಹಾಲುವಾಣವೂ ಬೀನ್ಸ್‌ನ ಕುಟುಂಬದ್ದೇ, ದಾಯಾದಿ. ದಾಯಾದಿ ಮನೆಗೆ ಬಂದು ನಿಂತರೆ ಏನಾಗುತ್ತದೆಂದು ಹೇಳಬೇಕಿಲ್ಲ.

ಆದರೂ ಕಾಯಿ ಬಿಟ್ಟವು. ಹುತ್ತರಿಗೆ ಫೋನ್ ಮಾಡಿದ ಬೆಂಗಳೂರಿನ ಭಾವಮೈದುನನಿಗೆ "ಬೀನ್ಸ್ ಒಣಗುವುದನ್ನು ಕಾಯುತ್ತಿದ್ದೇನೆ" ಎಂದೆ. ಅವನು "ಈ ಸಲ ರೇಟು ಚೆನ್ನಾಗಿದೆಯಂತಲ್ಲ ಭಾವ, ಎಷ್ಟು ಮೂಟೆ ಆಗಬಹುದು?" ಎಂದು ಗಂಭೀರವಾಗಿ ಕೇಳಿದ. ಕೊಡಗಿನಿಂದ ಬೀನ್ಸ್ ಎಂದರೆ ಅವನ ಕಿವಿಗೆ ಕಾಫಿ. ತಿದ್ದಲು ಮನಸ್ಸಾಗಲಿಲ್ಲ.

ಆಮೇಲೆ ಬಂತು ವಾಯುಭಾರ ಕುಸಿತ. ಬಂಗಾಳ ಕೊಲ್ಲಿಯಲ್ಲಿ ಏನೋ ಕುಸಿದರೆ ನನ್ನ ಹಿತ್ತಲು ಒದ್ದೆಯಾಗಬೇಕೆ? ನಾಲ್ಕು ದಿನ ಜಿಟಿಜಿಟಿ. ಒಣಗುತ್ತಿದ್ದ ಸಿಪ್ಪೆ ಬಿಡಿಸಿ ನೋಡಿದರೆ ಕೆಲವು ಕಾಳು ಒಳಗೇ ಮೊಳಕೆ ಒಡೆದಿದ್ದವು. ಬಳ್ಳಿಗಳನ್ನು ಬುಡಸಮೇತ ಕಿತ್ತು, ಮನೆಯಲ್ಲಿ ಸದಾ ಬೆಚ್ಚಗಿರುವ ಒಂದೇ ಜಾಗದಲ್ಲಿ, ಅಂದರೆ ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ, ತಲೆಕೆಳಗಾಗಿ ತೂಗುಹಾಕಿದೆ. ಚೆನ್ನಾಗಿ ಒಣಗಿದ ಸಿಪ್ಪೆ ತಿರುಚಿಕೊಂಡು ಸಿಡಿಯುತ್ತದೆ ಎಂಬುದನ್ನು ಕಲಿತದ್ದು ಮೈಗೆ ಸೋಪು ಹಚ್ಚಿ ನಿಂತಾಗ. ಟಪ್ ಎಂದಿತು, ಒಂದು ಕಾಳು ನೆತ್ತಿಗೆ ಬಿತ್ತು. ಇನ್ನೊಂದು ಹಂಡೆಯೊಳಗೆ. ವಾರವಿಡೀ ಮನೆಮಂದಿ ತಲೆಗೆ ಟವೆಲ್ ಸುತ್ತಿಕೊಂಡು ಸ್ನಾನ ಮಾಡಿದರು. ಹೆಂಡತಿ ಮಾತಾಡಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು.

ಕಾಳು ಪೂರ್ತಿ ಒಣಗಿದೆಯೇ ಎಂದು ತಿಳಿಯಲು ಹಲ್ಲಿನಿಂದ ಕಚ್ಚಿ ನೋಡಬೇಕು. ಗುರುತು ಮೂಡಿದರೆ ಇನ್ನೂ ಹಸಿ. ನಾನು ಕಚ್ಚಿದೆ. ಕಾಳಿನ ಮೇಲೆ ಗುರುತು ಮೂಡಲಿಲ್ಲ, ದವಡೆ ಹಲ್ಲಿಗೆ ತುಂಬಿಸಿದ್ದ ಸಿಮೆಂಟು ಎದ್ದು ಬಂತು. "ಉಗುರಿನಿಂದ ಒತ್ತಿ ನೋಡಿದ್ದರೂ ಗೊತ್ತಾಗುತ್ತಿತ್ತು" ಎಂದರು ಅತ್ತೆ, ನಾನು ಹಲ್ಲಿನ ಡಾಕ್ಟರ ಬಳಿಗೆ ಹೋಗಿ ಬಂದ ಮೇಲೆ.

ಬಿಡಿಸಿ ತೂಗಿದಾಗ 350 ಗ್ರಾಂ. ಕುಟ್ಟೆ ಹುಳು ಹೊಲದಲ್ಲೇ ಮೊಟ್ಟೆ ಇಟ್ಟಿರುತ್ತದೆಯಾದ್ದರಿಂದ ಒಂದು ವಾರ ಫ್ರೀಜರ್‌ನಲ್ಲಿ ಹಂದಿ ಮಾಂಸದ ಪಕ್ಕ ಇಟ್ಟು, ಕೊನೆಗೆ ಒಂದು ಭಾನುವಾರ ಮುಹೂರ್ತ ನಿಶ್ಚಯಿಸಿದೆ. ರಾತ್ರಿಯಿಡೀ ನೆನೆಹಾಕಿ, ಆ ನೀರು ಚೆಲ್ಲಿ, ಹೊಸ ನೀರು ಹಾಕಿದೆ. ರಾಜ್ಮಾದ ಹಸಿ ಕಾಳಿನಲ್ಲಿ ನಂಜಿನ ಅಂಶವಿದೆ, ನಾಲ್ಕೈದು ಕಾಳು ತಿಂದರೂ ವಾಂತಿಯಾಗಬಹುದು, ಚೆನ್ನಾಗಿ ಕುದಿಯಲೇಬೇಕು ಎಂದೆಲ್ಲ ಓದಿಕೊಂಡಿದ್ದೆ. ಓದದೆ ಸ್ವಂತ ಬುದ್ಧಿಯಿಂದ ಮಾಡಿದ್ದು ಒಂದೇ: ಊರಿನ ರುಚಿ ಇರಲಿ ಎಂದು ಕುಕ್ಕರ್ ಮುಚ್ಚುವ ಮೊದಲೇ ಎರಡು ಚಮಚ ಕಾಚಂಪುಳಿ, ಅಂದರೆ ನಮ್ಮ ಕೊಡಗಿನ ಕಪ್ಪು ಹುಳಿ, ಸುರಿದೆ.

ಆರು ಸೀಟಿ ಕೂಗಿತು. ತೆರೆದರೆ ಗೋಲಿ. ಇನ್ನೂ ಎಂಟು ಸೀಟಿ. ಗೋಲಿಗಳು ಸ್ವಲ್ಪ ಬಿಸಿಯಾಗಿದ್ದವು. ಅಕ್ಕಿತರಿಯ ಉಂಡೆ ಕಡಂಬುಟ್ಟು ತಣ್ಣಗಾಗುತ್ತಿತ್ತು, ತಟ್ಟೆಯ ಮುಂದೆ ಕುಳಿತವರು ಒಬ್ಬೊಬ್ಬರಾಗಿ ಉಪ್ಪಿನಕಾಯಿಯ ಜಾಡಿಯತ್ತ ಕೈ ಚಾಚಿದರು.

"ಹುಳಿ ಯಾವಾಗ ಹಾಕಿದಿರಿ?" ಅತ್ತೆ ಕೇಳಿದರು.

"ಮೊದಲೇ."

"ಹುಳಿ ಕಂಡರೆ ಕಾಳು ಮೈ ಬಿಗಿ ಹಿಡಿಯುತ್ತದೆ. ಬೆಂದ ಮೇಲೆ ಹಾಕಬೇಕು." ಅವರು ಎದ್ದು ಹೋಗಿ ಚಿಟಿಕೆ ಅಡುಗೆ ಸೋಡಾ ತಂದು ಹಾಕಿದರು. ಮೂರನೆಯ ಸುತ್ತಿಗೆ ಬೆಂದಿತು. ಆ ಹೊತ್ತಿಗೆ ಊಟ ಮುಗಿದು, ಸಂಜೆಯ ಕಾಫಿ ಆಗಿತ್ತು.

ಈ ಜೂನ್‌ನಲ್ಲಿ ಹಿತ್ತಲಿಗೆ ಹೋದರೆ ಹಾಲುವಾಣದ ಕೋಲುಗಳು ನನಗಿಂತ ಎತ್ತರ ಬೆಳೆದು ನಿಂತಿದ್ದವು. ಕಡಿಯೋಣವೆಂದು ಕತ್ತಿ ತಂದೆ. ಅಷ್ಟರಲ್ಲಿ ಅತ್ತೆ ನನ್ನನ್ನು ಕೇಳದೆಯೇ ಪ್ರತಿ ಕೋಲಿನ ಬುಡಕ್ಕೂ ಒಂದೊಂದು ಮೆಣಸಿನ ಬಳ್ಳಿ ನೆಟ್ಟಾಗಿತ್ತು.